ಬೆಟ್ಟದ ಮೇಲಿನ ಕೆರೆ: ಇಳಿಯಬಹುದಾ, ಬೇಡವಾ?

[ದೃಶ್ಯ: ಗ್ಲಾಸ್ಲಿನ್ ಕೆರೆ, ಮೇಲಿನಿಂದ]

ಬಿಸಿಲಲ್ಲಿ ಬೆಟ್ಟ ಹತ್ತಿದ್ದೀರಿ. ಮೈಯೆಲ್ಲ ಬೆವರು. ಎದುರಿಗೆ ನೀಲಿ-ಹಸಿರು ಬಣ್ಣದ ತಿಳಿನೀರಿನ ಕೆರೆ. ಒಂದು ಸಲ ಮುಳುಗಿ ಏಳೋಣ ಅನ್ನಿಸುತ್ತದೆ, ಅಲ್ವಾ? ಇಳಿಯಬಹುದಾ?

ಇದು ವೇಲ್ಸ್‌ನ ಅತಿ ಎತ್ತರದ ಬೆಟ್ಟ ಸ್ನೋಡನ್. ವೇಲ್ಸ್ ಜನರಿಗೆ ಎರ್ ವಿದ್ವಾ. ಎತ್ತರ 1,085 ಮೀಟರ್. ಹತ್ತಲು ಆರು ಮುಖ್ಯ ಹಾದಿಗಳಿವೆ, 1896ರಲ್ಲಿ ಶುರುವಾದ ರೈಲೂ ಇದೆ. 1953ರ ಎವರೆಸ್ಟ್ ತಂಡ ತಯಾರಿ ನಡೆಸಿದ್ದೂ ಇಲ್ಲೇ. ಹತ್ತುವ ಮಾತು ಇಷ್ಟು ಸಾಕು, ನೀರಿಗೆ ಬರೋಣ.

ಗ್ಲಾಸ್ಲಿನ್ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಆ ಬಣ್ಣ ತಾಮ್ರದ್ದು. ದಂಡೆಯಲ್ಲೇ ತಾಮ್ರದ ಗಣಿ ಇತ್ತು, ಕೆಲಸಗಾರರ ಮನೆಗಳ ಮುರಿದ ಕಲ್ಲುಗೋಡೆಗಳು ಈಗಲೂ ಕಾಣುತ್ತವೆ. ನಾವು ನಡೆದು ಬಂದ ಮೈನರ್ಸ್ ಟ್ರ್ಯಾಕ್ ಆ ಗಣಿಗೆಂದೇ ಮಾಡಿದ ದಾರಿ. ಕಾನ್ವಿ ಹೊಳೆಯಲ್ಲಿ ಕಾಟ ಕೊಡುತ್ತಿದ್ದ ಅವಾಂಕ್ ಎಂಬ ನೀರುಪ್ರಾಣಿಯನ್ನು ಎತ್ತು ಕಟ್ಟಿ ಎಳೆದು ತಂದು ಇದೇ ಕೆರೆಗೆ ಬಿಟ್ಟರು ಎಂದು ಹಳೆಯ ಕಥೆ ಹೇಳುತ್ತದೆ.

ನಿಜವಾದ ಕಾಟ ತಣ್ಣೀರಿನದು. ಇಳಿದ ಮೊದಲ ನಿಮಿಷದಲ್ಲಿ ಉಸಿರು ನಮ್ಮ ಮಾತು ಕೇಳುವುದಿಲ್ಲ. ತಾನಾಗಿ ಬಾಯಿ ತೆರೆದು ಗಾಳಿ ಎಳೆಯುತ್ತೇವೆ. ಆಗ ತಲೆ ನೀರೊಳಗಿದ್ದರೆ ಈಜು ಎಷ್ಟು ಬಂದರೂ ಕಷ್ಟ. ಅದಕ್ಕೇ ಧುಮುಕಬಾರದು. ನಿಧಾನ ಇಳಿದು, ಉಸಿರು ಹದಕ್ಕೆ ಬರುವ ತನಕ ದಂಡೆ ಬಿಡಬಾರದು.

ಇಷ್ಟು ತುಂಬಾ ಜನರಿಗೆ ಗೊತ್ತು. ನನ್ನನ್ನು ಬೆಚ್ಚಿಬೀಳಿಸಿದ್ದು ಮುಂದಿನದು. ನೀರಿನಿಂದ ಮೇಲೆ ಬಂದ ಮೇಲೂ ಮೈ ಒಳಗೆ ತಣ್ಣಗಾಗುತ್ತಲೇ ಹೋಗುತ್ತದೆ! ಸ್ಟವ್ ಆರಿಸಿದ ಮೇಲೂ ಒಗ್ಗರಣೆ ಸೌಟಿನಲ್ಲಿ ಮೆಣಸಿನಕಾಯಿ ಕರ್ರಗಾಗುತ್ತಾ ಹೋಗುತ್ತದಲ್ಲ, ಹಾಗೆ. ಅಲ್ಲಿ ಸೌಟಿನಲ್ಲಿ ಉಳಿದ ಬಿಸಿ, ಇಲ್ಲಿ ಚರ್ಮ, ಕೈಕಾಲಲ್ಲಿ ಉಳಿದ ಚಳಿ. ನೀರಲ್ಲಿದ್ದಾಗ ದೇಹ ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡಿ, ಎದೆ-ಹೊಟ್ಟೆಯ ಬಿಸಿ ಕಾಯ್ದುಕೊಂಡಿರುತ್ತದೆ. ಹೊರಗೆ ಬಂದ ಮೇಲೆ ತಣ್ಣಗಿರುವ ಹೊರಮೈ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಕೈಕಾಲಿನ ತಣ್ಣನೆ ರಕ್ತವೂ ವಾಪಸ್ ಬರುತ್ತದೆ. ದಂಡೆಗೆ ಬಂದಾಗ "ಆಹಾ, ಎಷ್ಟು ಹಾಯಾಗಿದೆ" ಅನ್ನುತ್ತೀರಿ. ಹತ್ತು ನಿಮಿಷ ಕಳೆದರೆ ಹಲ್ಲು ಕಟಕಟ, ಜಾಕೆಟ್ ಜಿಪ್ ಹಿಡಿಯಲು ಬೆರಳು ಬಗ್ಗುವುದಿಲ್ಲ.

[ದೃಶ್ಯ: ಜಿಪ್ ಹಾಕಲು ಒದ್ದಾಡುವ ಬೆರಳುಗಳು]

ಗ್ಲಾಸ್ಲಿನ್‌ನಲ್ಲಿ ಈ ಹತ್ತು ನಿಮಿಷ ಬೀಸುಗಾಳಿಯಲ್ಲಿ ಕಳೆಯುತ್ತದೆ. ಕೆಳಗಿನ ರಸ್ತೆಗೆ ಗಂಟೆಗಟ್ಟಲೆ ನಡಿಗೆ. ಹಾಗಾಗಿ ಹೊಸಬರು ಅಲ್ಲಿ ಇಳಿಯುವುದು ಬೇಡ ಎಂದೇ ನಾನು ಹೇಳುತ್ತೇನೆ.

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗ ಬೇಗ. ಒಬ್ಬರೇ ಇಳಿಯಬೇಡಿ. ಬಂದ ತಕ್ಷಣ ಒದ್ದೆ ಬಟ್ಟೆ ಬದಲಿಸಿ, ಟೋಪಿ ಹಾಕಿ, ಫ್ಲಾಸ್ಕ್‌ನ ಬಿಸಿ ಚಹಾ ಕುಡಿಯಿರಿ. ಈಜಲೇಬೇಕು ಅಂದರೆ ಬೆಟ್ಟದ ದಕ್ಷಿಣದ ವಾಟ್ಕಿನ್ ಹಾದಿಗೆ ಹೋಗಿ. 1892ರಲ್ಲಿ ಬ್ರಿಟನ್ ಪ್ರಧಾನಿ ಗ್ಲಾಡ್‌ಸ್ಟನ್ ತಮ್ಮ 82ನೇ ವಯಸ್ಸಿನಲ್ಲಿ ಬಂದು ಉದ್ಘಾಟಿಸಿದ ಹಾದಿ ಅದು. ಅಲ್ಲಿ ಜಲಪಾತಗಳ ಬುಡದ ಗುಂಡಿಗಳು ಕೆಳಗೇ ಸಿಗುತ್ತವೆ, ರಸ್ತೆಯೂ ಹತ್ತಿರ. ಜೋರು ಮಳೆಯಾದ ಮರುದಿನ ಮಾತ್ರ ಅಲ್ಲೂ ಬೇಡ, ನೀರಿನ ಸೆಳೆತ ಜಾಸ್ತಿ ಇರುತ್ತದೆ.