ಹೊಟ್ಟೆ ಹಿಗ್ಗಿಲ್ಲ, ರಸ್ಕ್ ಜಾರಿದೆ

ತೂಕ ಇಳಿಸೋ ಆಪರೇಷನ್ ಆಗಿ ಮೂರನೇ ವರ್ಷಕ್ಕೆ ನಾಲ್ಕೈದು ಕೆಜಿ ಏರಿದ್ರೆ ಸಾಕು, ಮನೆಯವರೆಲ್ಲ ಒಂದೇ ಮಾತು: "ಹೊಟ್ಟೆ ಮತ್ತೆ ಹಿಗ್ಗಿರಬೇಕು." ಸ್ವಲ್ಪ ಹಿಗ್ಗೋದು ನಿಜಾನೇ. ಆದ್ರೆ ಎಲ್ಲಾನೂ ಅದರ ತಲೆಗೆ ಕಟ್ಟೋದು ತಪ್ಪು ಅಂತ ನನ್ನ ವಾದ. ಮೊದಲು ಸಂಜೆ ಟೀಗೆ ಅದ್ದಿ ತಿನ್ನೋ ರಸ್ಕನ್ನ ವಿಚಾರಿಸಿಕೊಳ್ಳಿ.

ಅದಕ್ಕೂ ಮುಂಚೆ ಒಂದು ಲೆಕ್ಕ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ, ಹೊಟ್ಟೆಯ ಬೈಪಾಸ್ ಆಪರೇಷನ್ ಆದವರು ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿಸಿದ್ರು. ಹತ್ತು ವರ್ಷಕ್ಕೆ ಅದು ಶೇ. 25ಕ್ಕೆ ನಿಂತಿತ್ತು. ಅಂದ್ರೆ 120 ಕೆಜಿ ಇದ್ದವರು 82ಕ್ಕೆ ಇಳಿದು 90ಕ್ಕೆ ಬಂದ ಹಾಗೆ. ಆ ಎಂಟು ಕೆಜಿಗೆ ಯಾರನ್ನೂ ಬೈಯೋ ಹಾಗಿಲ್ಲ. ಅದರಾಚೆ ಏರಿದ್ದಕ್ಕೆ ಕಾರಣ ಹುಡುಕೋಣ.

ಸ್ಲೀವ್ ಅನ್ನೋ ಇನ್ನೊಂದು ಬಗೆಯ ಆಪರೇಷನ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆದು ಬಾಳೆಕಾಯಿ ಥರದ ಕೊಳವೆ ಉಳಿಸ್ತಾರೆ. ಬೈಪಾಸ್‌ನಲ್ಲಿ ಉಳಿಯೋದು ಸುಮಾರು 30 ಮಿ.ಲೀ. ಚೀಲ. ಈ ಅಡ್ಡಗಟ್ಟೆ ಗಟ್ಟಿ ಊಟಕ್ಕೆ ಮಾತ್ರ. ಚಿಕನ್ ನಾಲ್ಕು ತುಂಡಿಗೇ ಸಾಕು ಅನ್ಸತ್ತೆ. ಟೀಲಿ ನೆನೆದ ರಸ್ಕ್, ಮಿಕ್ಸ್ಚರ್, ಪಾಯಸ, ಐಸ್‌ಕ್ರೀಮ್ ಮಾತ್ರ ಜಾರಿಕೊಂಡು ಹೋಗ್ತಾನೇ ಇರುತ್ತೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಊಟದ ಜೊತೆ ನೀರು ಕುಡಿದ್ರೂ ಇದೇ ಕಥೆ. ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡೀರಿ.

ಇನ್ನು ಮುದ್ದೆ. "ಅಗೀಬೇಡ, ನುಂಗು" ಅಂತ ಚಿಕ್ಕಂದಿನಿಂದ ಕಲಿತಿರ್ತೀವಲ್ಲ, ಇಲ್ಲಿ ಅದೇ ಮುಳುವು. ನುಂಗಿದ ಉಂಡೆ ಸಣ್ಣ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಎದೆ ಹಿಡಿದ ಹಾಗೆ ಆಗತ್ತೆ, ಬಾಯಲ್ಲಿ ನೊರೆ ನೊರೆ ಜೊಲ್ಲು ಬರುತ್ತೆ, ಆಮೇಲೆ ವಾಂತಿ. ಬಿಡೋಕೆ ಆಗಲ್ಲ ಅಂದ್ರೆ ನಿಂಬೆಹಣ್ಣಿನ ಗಾತ್ರದಷ್ಟು ಸಾಕು. ಚಿಟಿಕೆ ಚಿಟಿಕೆ ತಗೊಂಡು ಅಗಿದೇ ತಿನ್ನಿ, ಅದೂ ತಟ್ಟೆಯಲ್ಲಿರೋ ಮೊಟ್ಟೆ, ಮೀನು, ಕಾಳು ಮುಗಿದ ಮೇಲೆ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ 18ರ ಆಸುಪಾಸು, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25. ಇಡ್ಲಿಯಲ್ಲಿ ಎರಡು ಗ್ರಾಂ ಇದ್ರೆ ಹೆಚ್ಚು. "ದಿನಾ ಬೇಳೆ ಸಾರು ತಿಂತೀನಲ್ಲ" ಅಂತಾರೆ ಸಸ್ಯಾಹಾರಿಗಳು. ತಿಳಿ ಸಾರಲ್ಲಿ ಬೇಳೆ ಎಲ್ಲಿದೆ ಸ್ವಾಮಿ? ಸೌಟು ತಳಕ್ಕೆ ಇಳಿಸಿ ಬಡಿಸಿಕೊಳ್ಳಿ. ಸಾಲದೇ ಹೋದ್ರೆ ಪ್ರೋಟೀನ್ ಪುಡಿ ತಗೊಳ್ಳೋಕೆ ನಾಚಿಕೆ ಯಾಕೆ?

ವಿಟಮಿನ್, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ವಿಷಯಕ್ಕೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ತೂಕ ಇಳೀತು, ಶುಗರ್ ಇಳೀತು, ಮಾತ್ರೆ ನಿಂತ್ಹೋಯ್ತು. ಇವು ಜೀವನಪರ್ಯಂತ ರೀ! ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರೋದರಿಂದ ಕೊರತೆ ತಡವಾಗಿ ಕಾಣಿಸುತ್ತೆ. ಕಾಲು ಜುಮ್ ಅನ್ನೋ ಹೊತ್ತಿಗೆ ನರಕ್ಕೆ ಏಟು ಬಿದ್ದಿರತ್ತೆ. ಕ್ಯಾಲ್ಸಿಯಂ ಊಟದಿಂದ ಬರೋದೂ ಸೇರಿ ದಿನಕ್ಕೆ 1,200ರಿಂದ 1,500 ಮಿ.ಗ್ರಾಂ, ಮಾತ್ರೆ ಒಂದು ಸಲಕ್ಕೆ 500–600 ಮೀರಬಾರದು, ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಬಗೆಯದಾದ್ರೆ ಒಳ್ಳೇದು. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣವನ್ನ ಕಾಫಿ ಜೊತೆ ನುಂಗಿದ್ರೆ ಅರ್ಧ ದಂಡ. ವರ್ಷಕ್ಕೊಮ್ಮೆ ಬಿ12, ಫೆರಿಟಿನ್ (ದೇಹದಲ್ಲಿರೋ ಕಬ್ಬಿಣದ ದಾಸ್ತಾನು ತೋರಿಸೋದು), ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ಒಂದಂತೂ ಮನೆಯವರೂ ತಿಳ್ಕೊಂಡಿರಲಿ. ದಿನಗಟ್ಟಲೆ ವಾಂತಿ ಆಗ್ತಿದ್ರೆ ದೇಹದಲ್ಲಿ ಥಯಾಮಿನ್, ಅಂದ್ರೆ ಬಿ1, ಎರಡು ಮೂರು ವಾರದಲ್ಲೇ ಖಾಲಿಯಾಗುತ್ತೆ. ಸುಸ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಹೋದ್ರೆ ಗ್ಲೂಕೋಸ್ ಡ್ರಿಪ್ ಏರಿಸ್ತಾರೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಕೊಟ್ರೆ ಮೆದುಳಿಗೇ ಪೆಟ್ಟಾಗಬಹುದು. ಹಾಗಾಗಿ ಒಳಗೆ ಕಾಲಿಟ್ಟ ತಕ್ಷಣ ಹೇಳಿ: "ಡಾಕ್ಟ್ರೇ, ಇವರಿಗೆ ತೂಕ ಇಳಿಸೋ ಹೊಟ್ಟೆ ಆಪರೇಷನ್ ಆಗಿದೆ, ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ."