ಟೆಂಟಿನಲ್ಲಿ ಹಾರಿಹೋದ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ನೀವು ಮೊದಲು ನೋಡಿದ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ಚಿತ್ರದ ಹೆಸರನ್ನು ನಾನು ತಡವರಿಸದೆ ಹೇಳಬಲ್ಲೆ. ಅದು ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ, 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’. ತಡವರಿಸುವುದು ‘ನೋಡಿದೆ’ ಎಂಬ ಮಾತಿನ ಹತ್ತಿರ. ಏಕೆಂದರೆ ಆ ರಾತ್ರಿಯಿಂದ ನನ್ನಲ್ಲಿ ಉಳಿದುಬಂದಿರುವುದರಲ್ಲಿ ಕಣ್ಣಿನ ಪಾಲು ಸ್ವಲ್ಪ, ಕಿವಿಯ ಪಾಲೇ ಬಹಳ. ಬಾನುಲಿಯಲ್ಲಿ ಕುಳಿತು ಸಿನಿಮಾದ ವಿಷಯ ಮಾತನಾಡಲು ಒಪ್ಪಿಕೊಂಡೆನಲ್ಲ, ಆ ಧೈರ್ಯ ಬಂದದ್ದೂ ಇದರಿಂದಲೇ.

ಚಿತ್ರ ಬಿಡುಗಡೆಯಾಗಿ ಆರು ವರ್ಷಗಳಾದ ಮೇಲೆ, 1971ರ ಶಿವರಾತ್ರಿಯ ಆಸುಪಾಸಿನಲ್ಲಿ, ಅದು ಮಂಡ್ಯ ಜಿಲ್ಲೆಯ ನಮ್ಮ ಊರಿಗೆ ಬಂತು. ಆಗ ನನಗೆ ಏಳು ವರ್ಷ. ಬೆಂಗಳೂರು, ಮೈಸೂರುಗಳಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಪೇಟೆಗಳನ್ನು ಸುತ್ತಿ, ಮೈಯೆಲ್ಲ ಗೀರು ಬಿದ್ದ ಮೇಲಷ್ಟೇ ಒಂದು ಪ್ರಿಂಟಿಗೆ ಟೂರಿಂಗ್ ಟಾಕೀಸಿನ ದಾರಿ ತೆರೆಯುತ್ತಿದ್ದ ಕಾಲ ಅದು. ಭತ್ತದ ಕೊಯ್ಲಾಗಿ ಬಿಟ್ಟಿದ್ದ ನಾಲೆಯ ಕೆಳಗಿನ ಬಯಲಿನಲ್ಲಿ ಟೆಂಟು ಎದ್ದಿತ್ತು. ಬಟ್ಟೆಯ ಸೂರು ಹಗಲಿನ ಬೆಳಕನ್ನು ತಡೆಯಲಾರದಾದ್ದರಿಂದ ಅಲ್ಲಿ ಮ್ಯಾಟಿನಿಯ ಮಾತೇ ಇಲ್ಲ. ಕತ್ತಲಾದ ಮೇಲೆ ಎರಡು ಆಟ, ಅಷ್ಟೆ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನಾವು ನೆಲದವರು.

ಟಿಕೆಟ್ ಕೊಡುವ ಹೊತ್ತಾಯಿತು ಎಂಬುದನ್ನು ಊರಿಗೆ ತಿಳಿಸಲು ಟೆಂಟಿನವರು ಕಂಬಕ್ಕೆ ಕಟ್ಟಿದ ಹಾರ್ನಿನಲ್ಲಿ ಒಂದು ಹಾಡು ಹಾಕುತ್ತಿದ್ದರು. ಹಳೆ ಮೈಸೂರಿನ ಸೀಮೆಯಲ್ಲಿ ಟೆಂಟು ಕಂಡವರು ಈಗಾಗಲೇ ಅದನ್ನು ಮನಸ್ಸಿನಲ್ಲಿ ಗುನುಗುತ್ತಿರಬಹುದು: ‘ನಮೋ ವೆಂಕಟೇಶಾ’. ಅದು ತೆಲುಗು ಹಾಡು. ನಮ್ಮೂರಿನಲ್ಲಿ ಅದರ ಅರ್ಥ ಬಿಡಿಸಿ ಹೇಳಬಲ್ಲವರು ಯಾರೂ ಇರಲಿಲ್ಲವೆಂದು ಕಾಣುತ್ತದೆ, ಅಥವಾ ಊರಿಗೆ ಊರೇ ಅದರ ಅರ್ಥವನ್ನು ಬಲ್ಲದಾಗಿತ್ತು ಎಂದರೂ ಸರಿಯೆ. ಅನ್ನದ ಗಂಜಿ ಬಸಿಯುತ್ತಿದ್ದ ನಮ್ಮ ಅಜ್ಜಿ ಆ ದನಿ ಗಾಳಿಯಲ್ಲಿ ತೇಲಿ ಬಂದೊಡನೆ, “ಹಾಡು ಹಾಕವ್ರೆ, ಏಳ್ರಲಾ” ಎಂದು ಕೂಗಿ ಸೌದೆಯನ್ನು ಒಲೆಯಿಂದ ಹಿಂದಕ್ಕೆಳೆದದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಬ್ಬಿನ ಬದುವಿನ ಮೇಲೆ ಸಾಲಾಗಿ ನಡೆದು ಹೋಗುವಾಗ ಹಾಡು ಹತ್ತಿರವಾಗುತ್ತ ಆಗುತ್ತ, ಅದರ ಹಿಂದಿನಿಂದ ಆಲೆಮನೆಯ ಇಂಜಿನ್ನನ್ನು ಹೋಲುವ ಜನರೇಟರಿನ ಗುಡುಗುಡು ಸದ್ದು ಕೇಳತೊಡಗಿತು. ಲೆಕ್ಕಕ್ಕೆ ಹಿಡಿದರೆ ನನ್ನ ಮೊದಲ ಸಿನಿಮಾ ಅಲ್ಲಿಯೇ, ಬದುವಿನ ಮೇಲೆಯೇ ಶುರುವಾಗಿತ್ತು.

ಒಳಗೆ ಗಂಡಸರದು ಒಂದು ಭಾಗ, ಹೆಂಗಸರು ಮಕ್ಕಳದು ಇನ್ನೊಂದು. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಗಂಡಸರ ಕಡೆಗೆ ಹೋಗಿ ಕುಳಿತ. ಮುಂದಿನವರ ತಲೆ ಅಡ್ಡ ಬಾರದಿರಲೆಂದು ಅಜ್ಜಿ ಮರಳು ಗುಡ್ಡೆ ಮಾಡಿ ಅದರ ಮೇಲೆ ನನ್ನನ್ನು ಕೂರಿಸಿದಳು, ಹಿಂದಿನವರು ಬೈದರು. ಫಿಲ್ಮ್ಸ್ ಡಿವಿಜನ್ನಿನ ಸಮಾಚಾರ ಚಿತ್ರವೊಂದು ಬಂದು ಹೋಯಿತು. ‘ಧೂಮಪಾನ ಮಾಡಬಾರದು’ ಎಂಬ ಸ್ಲೈಡು ಬಂತು. ಪ್ರೊಜೆಕ್ಟರಿನ ಕಿಂಡಿಯಿಂದ ಪರದೆಯವರೆಗೆ ಚಾಚಿದ್ದ ಆ ಬೆಳಕಿನ ಕೋಲು ನಮ್ಮ ಕಣ್ಣಿಗೆ ಕಾಣುತ್ತಿದ್ದುದೇ ಬೀಡಿಯ ಹೊಗೆ ಅದರೊಳಗೆ ಸುರುಳಿ ಸುತ್ತುತ್ತಿದ್ದುದರಿಂದ. ನಾನು ಬಹಳ ಹೊತ್ತು ಪರದೆಗೆ ಬೆನ್ನು ಹಾಕಿ ಆ ಹೊಗೆಯನ್ನೇ ನೋಡುತ್ತಿದ್ದೆನಂತೆ. ಇದು ಅಜ್ಜಿ ಆಮೇಲೆ ಹೇಳಿದ್ದು.

ಕಥೆಯಲ್ಲಿ ಹೊಸದೇನೂ ಇರಲಿಲ್ಲ. ರಾಘವಾಂಕ ಕಾವ್ಯವಾಗಿಸಿದ್ದನ್ನು ಹರಿಕಥೆಯವರೂ ನಾಟಕದವರೂ ಊರೂರಿಗೆ ತಲುಪಿಸಿದ್ದರು. ಸಾಲ ವಸೂಲಿಗೆ ಬೆನ್ನು ಹತ್ತಿದವನನ್ನು ನಕ್ಷತ್ರಿಕ ಎನ್ನುವುದು ನಮ್ಮ ಕಡೆ ಬೈಗುಳವೇ ಆಗಿತ್ತು. ನಕ್ಷತ್ರಿಕನಾಗಿ ನರಸಿಂಹರಾಜು ಅವರು ಕಾಣಿಸಿಕೊಂಡಾಗ ಗಂಡಸರ ಕಡೆ ನಗೆಯೆದ್ದಿತು, ಹೆಂಗಸರ ಕಡೆಯಿಂದ ಶಾಪಗಳು ಬಂದವು. ರಾಜ್‌ಕುಮಾರ್ ಅವರ ಹರಿಶ್ಚಂದ್ರ, ಪಂಡರಿಬಾಯಿಯವರ ಚಂದ್ರಮತಿ, ಉದಯಕುಮಾರ್ ಅವರ ವಿಶ್ವಾಮಿತ್ರ ಈ ಹೊತ್ತು ನನ್ನ ಕಣ್ಣ ಮುಂದೆ ಇದ್ದಾರೆ, ನಿಜ. ಆದರೆ ಈ ಮುಖಗಳು ಆ ರಾತ್ರಿಯವೋ, ಆಮೇಲೆ ಅದೇ ಚಿತ್ರವನ್ನು ಹಲವು ಸಲ ನೋಡಿದಾಗ ಬಂದು ಸೇರಿಕೊಂಡವೋ, ಆಣೆಯಿಟ್ಟು ಹೇಳಲಾರೆ.

ಆ ರಾತ್ರಿಯದೇ ಎಂದು ಖಂಡಿತವಾಗಿ ಹೇಳಬಲ್ಲದ್ದು ಬಿಡುವುಗಳನ್ನು. ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಪೇಟೆಯ ಟಾಕೀಸುಗಳಲ್ಲಿ ಆಗ ಎರಡು ಇರುತ್ತಿದ್ದುದರಿಂದ ಒಂದರ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು, ಪ್ರೇಕ್ಷಕನಿಗೆ ಸುಳಿವೂ ಸಿಗುತ್ತಿರಲಿಲ್ಲ. ಇಲ್ಲಿ ರೀಲು ಮುಗಿದರೆ ದೀಪ ಹಾಕಿ, ಮುಂದಿನದನ್ನು ಪೋಣಿಸಿ, ಉರಿದು ಬೆಳಕು ಕೊಟ್ಟು ತೇದುಹೋದ ಕಾರ್ಬನ್ ಕಡ್ಡಿಗಳನ್ನು ಬದಲಿಸಿಕೊಂಡು ಮತ್ತೆ ಶುರು ಮಾಡಬೇಕಿತ್ತು. ಹಾಗಾಗಿ ಒಂದು ಇಂಟರ್‌ವಲ್ಲಿನ ಜಾಗದಲ್ಲಿ ನಮಗೆ ಮೂರು ನಾಲ್ಕು ಸಿಗುತ್ತಿದ್ದವು. ಅವುಗಳಲ್ಲೊಂದು ಲೋಹಿತಾಶ್ವನನ್ನು ಹಾವು ಕಚ್ಚಿದ ಬೆನ್ನಿಗೇ ಬಂತು. ಹುಡುಗ ನೆಲಕ್ಕುರುಳಿದ, ಬುರುಬುರು ಸದ್ದಿನೊಡನೆ ಪರದೆ ಬೆಳ್ಳಗಾಯಿತು, ಕಡಲೆಕಾಯಿಯವನು ಬಂದ. ನನ್ನ ವಯಸ್ಸಿನ ಹುಡುಗನೊಬ್ಬ ಸತ್ತು ಬಿದ್ದಿರುವಾಗ ಸುತ್ತಲಿನವರು ಕಡಲೆಕಾಯಿ ಸುಲಿಯುತ್ತಿದ್ದುದನ್ನು ತಾಳಲಾರದೆ ನಾನು ದನಿ ತೆಗೆದು ಅಳತೊಡಗಿದೆ. “ಸುಮ್ಕಿರೋ, ಕೊನೆಗೆ ಬದುಕ್ತಾನೆ” ಎಂದಳು ಅಜ್ಜಿ. ಅವಳು ನಮ್ಮ ಕಥೆಗಾರ್ತಿ, ಆದ್ದರಿಂದ ನಂಬಿದೆ. ಆದರೂ ಆ ಹುಡುಗ ಎಷ್ಟೋ ನಿಮಿಷ, ರೀಲು ಸುತ್ತಿಟ್ಟ ಡಬ್ಬಿಯಲ್ಲಿ, ಸತ್ತೇ ಇದ್ದ.

ಸುಡುಗಾಡಿನ ಭಾಗದಲ್ಲಿ ವೀರಬಾಹುವಿನ ಹಾಡಿದೆಯಲ್ಲ, ‘ಕುಲದಲ್ಲಿ ಕೀಳ್ಯಾವುದೊ’, ನಾನು ಇಲ್ಲಿ ಹೇಳಬೇಕೆಂದು ಬಂದದ್ದು ಅದರ ವಿಷಯ. ವೀರಬಾಹು ಎಂ. ಪಿ. ಶಂಕರ್, ಮೈಸೂರಿನ ಪೈಲ್ವಾನರು, ಮೈಕಟ್ಟಿಗೆ ತಕ್ಕಂತೆ ಕುಣಿದಿದ್ದಾರೆ. ಆ ಹಾಡು ಬಂದಾಗ ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ಮಳೆಯಲ್ಲೂ ಅವರು ಹೇಗೆ ಹಾಗೆ ಕುಣಿಯುತ್ತಾರೆ, ನೆಲವೇಕೆ ಒದ್ದೆಯಾಗಿಲ್ಲ ಎಂದು ನಾನು ಕೇಳಿದ್ದಕ್ಕೆ ಅಜ್ಜಿಯಲ್ಲಿ ಉತ್ತರವಿರಲಿಲ್ಲ. ಸಾವಿರಾರು ಸಲ ಯಂತ್ರದಲ್ಲಿ ಓಡಿದ ಪ್ರಿಂಟಿನ ಮೇಲೆ ಬಿದ್ದ ಉದ್ದುದ್ದ ಗೀರುಗಳೇ ಆ ಮಳೆ ಎಂಬುದನ್ನು ತಿಳಿಯಲು ನನಗೆ ಹತ್ತಾರು ವರ್ಷ ಬೇಕಾದವು. ಹಾಡಿನ ನಡುವೆ ಇನ್ನೊಂದು ವಿಚಿತ್ರವಾಯಿತು. ಎತ್ತಿದ್ದ ಕೈ ಇದ್ದಕ್ಕಿದ್ದಂತೆ ಕೆಳಗಿತ್ತು, ಅದಾಗಿ ರೆಪ್ಪೆ ಬಡಿಯುವಷ್ಟರಲ್ಲಿ ಹಾಡೂ ಹಾರಿ ಮುಂದಿನ ಸಾಲಿಗೆ ಹೋಯಿತು. ಎಲ್ಲೋ ಯಾವ ಊರಿನಲ್ಲೋ ಫಿಲಂ ತುಂಡಾಗಿ, ಹರಿದ ಭಾಗವನ್ನು ಕತ್ತರಿಸಿ ಎಸೆದು, ಎರಡು ತುದಿಗಳನ್ನು ಫಿಲಂ ಸಿಮೆಂಟು ಎಂಬ ಅಂಟು ಹಚ್ಚಿ ಸೇರಿಸಿದ್ದರು. ಪ್ರೊಜೆಕ್ಟರಿನಲ್ಲಿ ಫಿಲಂ ಮೊದಲು ಬೆಳಕಿನ ಕಿಂಡಿಯನ್ನು ದಾಟಿ, ಇಪ್ಪತ್ತು ಚೌಕಟ್ಟುಗಳಷ್ಟು, ಅಂದರೆ ಇಪ್ಪತ್ತು ಫ್ರೇಮುಗಳಷ್ಟು, ಕೆಳಗೆ ಹೋದ ಮೇಲೆ ದನಿಯನ್ನು ಓದುವ ಭಾಗಕ್ಕೆ ಬರುತ್ತದೆ. ಸೆಕೆಂಡಿಗೆ 24 ಚೌಕಟ್ಟು ಓಡುವುದರಿಂದ ಅಂಟು ಹಾಕಿದ ಜಾಗದಲ್ಲಿ ಮೊದಲು ಚಿತ್ರ ಹಾರುತ್ತದೆ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಾಡು ಹಾರುತ್ತದೆ. ನಾಲ್ಕು ಸೆಕೆಂಡಿನ ಒಂದು ಸಾಲು ಹೋಯಿತೆಂದರೆ ಆರು ಅಡಿ ಫಿಲಂ ಹೋಯಿತೆಂದು ಅರ್ಥ.

ಅಣ್ಣ ಮೂರು ರಾತ್ರಿ ಆ ಚಿತ್ರ ನೋಡಿದ. ಅವನೂ ನಮ್ಮ ಬೀದಿಯ ಹುಡುಗರೂ ಹಾಡನ್ನು ಕಲಿತದ್ದು ಆ ಸಾಲು ಇಲ್ಲದೆಯೇ. ದನ ಮೇಯಿಸುವಾಗ ಕೋಲು ಕುಟ್ಟಿಕೊಂಡು, ಹಾರಿದ ಕಡೆ ತಾವೂ ಹಾರಿ, ಸರಿಯಾಗಿಯೇ ಹಾಡುತ್ತಿದ್ದರು. ಟೆಂಟು ಕಿತ್ತ ಮೇಲೆ ಆ ಜಾಗದ ಮಣ್ಣು ಕೆದಕಿ ತಾಮ್ರದ ಸಿಪ್ಪೆಯ ಕಾರ್ಬನ್ ಚೂರುಗಳನ್ನೂ ಒಂದು ಫಿಲಂ ತುಂಡನ್ನೂ ಅಣ್ಣ ಆರಿಸಿ ತಂದ. ತುಂಡಿನಲ್ಲಿ ಏಳು ಚೌಕಟ್ಟುಗಳಿದ್ದವು. ಸುಟ್ಟ ಬಲ್ಬಿನ ಹೊಟ್ಟೆ ಬಗೆದು, ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ ಅದನ್ನು ಗೋಡೆಯ ಮೇಲೆ ಬೀಳಿಸಿದೆವು. ಯಾರದೋ ಭುಜ, ಒಂದು ಕಂಬ. ಅಂಚಿನಲ್ಲಿ ಗರಗಸದ ಹಲ್ಲಿನಂಥ ಬಿಳಿಯ ಗೆರೆಯೊಂದು ಉದ್ದಕ್ಕೂ ಓಡಿತ್ತು. ಅದೇ ದನಿ ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ, ಆದ್ದರಿಂದ ಅದನ್ನು ಕೊಳೆಯೆಂದು ಅಣ್ಣ ಪಂಚೆಯ ತುದಿಯಿಂದ ಬಹಳ ಹೊತ್ತು ಉಜ್ಜಿದ.

ಪಂಚಾಯಿತಿ ಕಟ್ಟೆಯ ರೇಡಿಯೊದಲ್ಲಿ ಆ ಹಾಡನ್ನು ಇಡಿಯಾಗಿ ಮೊದಲ ಸಲ ಕೇಳಿದಾಗ, ನಡುವೆ ಕೇಳದಿದ್ದ ಸಾಲೊಂದು ಬಂದದ್ದಕ್ಕೆ ಅಣ್ಣನಿಗೆ ಸಿಟ್ಟು ಬಂತು. “ರೇಡಿಯೊದವರು ಏನೋ ಸೇರ್ಸವ್ರೆ” ಎಂದ. ಈ ಆರೋಪಕ್ಕೆ ಇಷ್ಟು ವರ್ಷಗಳ ಮೇಲೆ ಅವನ ಪರವಾಗಿ ಬಾನುಲಿಯಿಂದಲೇ ಕ್ಷಮೆ ಕೇಳುತ್ತಿದ್ದೇನೆ. ಹಾಡು ಮುಗಿದ ಮೇಲೆ, ಹಾಡಿದವರು ಘಂಟಸಾಲ ಎಂದು ನಿಲಯದವರು ಹೇಳಿದರು. ಆ ಹೆಸರು ಆಗ ನನಗೆ ಏನನ್ನೂ ಹೇಳಲಿಲ್ಲ. ಹಾರ್ನಿನಲ್ಲಿ ‘ನಮೋ ವೆಂಕಟೇಶಾ’ ಎಂದು ನಮ್ಮನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆದೊಯ್ದವರೂ ಅವರೇ ಎಂದು ತಿಳಿಯುವ ಹೊತ್ತಿಗೆ ನಾನು ಕಾಲೇಜು ಸೇರಿದ್ದೆ, ಘಂಟಸಾಲ ಅವರು 1974ರಲ್ಲಿಯೇ ತೀರಿಕೊಂಡಿದ್ದರು. ಬದುವಿನ ಮೇಲೆ ಕರೆದ ದನಿಯೇ ಒಳಗೆ ಸುಡುಗಾಡಿನಲ್ಲೂ ಹಾಡುತ್ತಿತ್ತು. ಒಂದು ಭಕ್ತಿಯಲ್ಲಿ ಕರಗಿದ್ದು, ಇನ್ನೊಂದು ಬೂದಿ ಬಳಿದುಕೊಂಡು ಕುಣಿಯುವವನ ಒರಟು. ಕಿವಿಯಿಂದಲೇ ಸಿನಿಮಾ ನೋಡಿದೆನೆಂದು ಹೇಳಿಕೊಳ್ಳುವ ನನಗೂ ಇವೆರಡೂ ಒಂದೇ ಗಂಟಲಿನವೆಂದು ಹೊಳೆದಿರಲಿಲ್ಲ.

2008ರಲ್ಲಿ ಆ ಕಪ್ಪು ಬಿಳುಪು ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದರು. ಅಣ್ಣನೂ ನಾನೂ ಬೆಂಗಳೂರಿನಲ್ಲಿ ಹೋಗಿ ನೋಡಿದೆವು. ಬಣ್ಣದ ವಿಷಯದಲ್ಲಿ ನನಗೆ ತಕರಾರಿದೆ, ಸುಡುಗಾಡಿಗೆ ಬಣ್ಣ ಬೇಕಿರಲಿಲ್ಲ. ಮಳೆ ನಿಂತಿತ್ತು. ಬಿಡುವಿಲ್ಲದ್ದರಿಂದ ಲೋಹಿತಾಶ್ವ ಬಹಳ ಬೇಗ ಬದುಕಿಬಿಟ್ಟ. ವೀರಬಾಹುವಿನ ಹಾಡು ಬಂದಾಗ ಅಣ್ಣ ಮುಂದಿನ ಕುರ್ಚಿಯ ಕೆಳಗೆ ಕಾಲಿನಿಂದ ತಾಳ ಹಾಕತೊಡಗಿದ, ನಾನೂ ಹಾಕಿದೆ. ಹಾಡು ನಿಧಾನವಾಗಿ, ಪೂರ್ತಿಯಾಗಿ, ಆ ಸಾಲನ್ನೂ ಹಾಡಿತು. ನಮ್ಮಿಬ್ಬರ ಕಾಲುಗಳು ಆಗಲೇ ಆಚೆಗೆ ಹಾರಿ ಮುಂದಿನ ಸಾಲಿನಲ್ಲಿದ್ದವು.

ನಮಸ್ಕಾರ.