ಎರಡು ಓಟಗಳ ನಡುವಿನ ವಾರಗಳು

ಆತ್ಮೀಯ ಶ್ರೋತೃಗಳಿಗೆ ನಮಸ್ಕಾರ.

ಜನವರಿ ತಿಂಗಳ ಮೂರನೆಯ ಭಾನುವಾರ ಬೆಳಕು ಹರಿಯುವ ಮೊದಲೇ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರಿನಿಂದ ಸಾವಿರಾರು ಜನ 42.195 ಕಿಲೋಮೀಟರ್ ಓಡಲು ಹೊರಡುತ್ತಾರೆ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್, ಕೋವಿಡ್ ಕಾಲದ ಬಿಡುವೊಂದನ್ನು ಬಿಟ್ಟರೆ, ಈ ನಗರದ ಜನರನ್ನು ಓಟಕ್ಕೆ ಹಚ್ಚಿದ ದೊಡ್ಡ ಪ್ರೇರಣೆಯಾಗಿ ನಡೆದುಬಂದಿದೆ. ಡೊಂಬಿವಲಿಯಿಂದ, ಮುಲುಂಡಿನಿಂದ, ಮೀರಾ ರೋಡಿನಿಂದ, ನವಿ ಮುಂಬಯಿಯಿಂದ ಬರುವ ಈ ಓಟಗಾರರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ದಿನವಿಡೀ ಕುಳಿತವರು, ಬ್ಯಾಂಕಿನಲ್ಲಿ ದುಡಿದವರು, ಶಾಲೆಗಳಲ್ಲಿ ಪಾಠ ಹೇಳಿದವರು ನಲವತ್ತು ದಾಟಿದ ಮೇಲೆ ಬೂಟು ಕಟ್ಟಿ ಬೀದಿಗಿಳಿದುದನ್ನು ಕಂಡು ಸಂತೋಷಪಡುವವರಲ್ಲಿ ನಾನೂ ಒಬ್ಬ. ಮಾಟುಂಗದ ಫೈವ್ ಗಾರ್ಡನ್ಸ್ ಬಳಿ ಬೆಳಗಿನ ಹೊತ್ತು ಅಂಥವರ ಜೊತೆ ಓಡುತ್ತಾ, ಅವರಿಗೆ ತಿಳಿದಷ್ಟು ಹೇಳಿಕೊಡುತ್ತಾ ಬಂದವನಾದ್ದರಿಂದ ಇಂದಿನ ಮಾತನ್ನು ಅವರನ್ನು ಮುಂದಿಟ್ಟುಕೊಂಡೇ ಆಡುತ್ತೇನೆ.

ಹೊಸಬರಲ್ಲಿ ಓಡುವ ಉತ್ಸಾಹಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಎರಡು ಓಟಗಳ ನಡುವೆ ತಡೆದು ನಿಲ್ಲುವ ತಾಳ್ಮೆಗೆ. ನಮ್ಮ ಪಶ್ಚಿಮ ಭಾಗದ ಓಟಗಳ ಪಂಚಾಂಗವೇ ಹಾಗಿದೆ. ಮಳೆಗಾಲದ ಕೊನೆಗೆ ಸಾತಾರಾದ ಯವತೇಶ್ವರ ಘಾಟಿಯನ್ನು ಹತ್ತಿ ಇಳಿಯುವ ಹಾಫ್ ಮ್ಯಾರಥಾನ್ ಬರುತ್ತದೆ. ಡಿಸೆಂಬರ್ ಹೊತ್ತಿಗೆ 1983ರಲ್ಲಿ ಆರಂಭವಾದ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್, ವಸಯಿ-ವಿರಾರ್ ಓಟ, ಗೋವೆಯ ರಿವರ್ ಮ್ಯಾರಥಾನ್ ಒಂದರ ಬೆನ್ನಿಗೆ ಒಂದು ಬರುತ್ತವೆ. ಜನವರಿಯಲ್ಲಿ ಮುಂಬಯಿ, ಫೆಬ್ರವರಿಯಲ್ಲಿ ಲೋಣಾವಳದ 50 ಕಿಲೋಮೀಟರ್. ಗೆಳೆಯರು ಹೋಗುತ್ತಾರೆಂದು ಎಲ್ಲದಕ್ಕೂ ಹೆಸರು ಕೊಟ್ಟವರು ಮಾರ್ಚ್ ತಿಂಗಳಲ್ಲಿ ಮಂಡಿ ಹಿಡಿದುಕೊಂಡು ಮೂಳೆವೈದ್ಯರ ಬಾಗಿಲಲ್ಲಿ ಕುಳಿತಿರುವುದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದೀರ್ಘ ಓಟದಲ್ಲಿ ದೇಹಕ್ಕೆ ಏನಾಗುತ್ತದೆಂಬುದನ್ನು ಮೊದಲು ನೋಡೋಣ. ತೊಡೆಯ ಮತ್ತು ಮೀನಖಂಡದ ಸ್ನಾಯುಗಳ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಸೀಳುಗಳು ಉಂಟಾಗುತ್ತವೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಬರಿದಾಗುತ್ತದೆ. ಮೂಳೆಗಳೂ ಸ್ನಾಯುರಜ್ಜುಗಳೂ ಸಾವಿರಾರು ಹೆಜ್ಜೆಗಳ ಹೊಡೆತವನ್ನು ತಿಂದಿರುತ್ತವೆ. ಇವನ್ನೆಲ್ಲ ಸರಿಪಡಿಸುವಾಗ ದೇಹವು ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಆದರೆ ಆ ಕೆಲಸ ನಡೆಯುವುದು ನಾವು ಮಲಗಿದಾಗ, ಉಂಡಾಗ, ಸುಮ್ಮನಿದ್ದಾಗ. ಇಡ್ಲಿಯ ಹಿಟ್ಟನ್ನು ರುಬ್ಬಿದ ಕೂಡಲೇ ಯಾರೂ ಹಬೆಗೆ ಇಡುವುದಿಲ್ಲ. ಇಡೀ ರಾತ್ರಿ ಅದರ ಪಾಡಿಗೆ ಬಿಡುತ್ತಾರೆ. ಕಷ್ಟವೆಂದರೆ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಗ್ಲೈಕೋಜೆನ್ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಸ್ನಾಯುಗಳಿಗೆ ವಾರಗಳು ಬೇಕು, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಉಸಿರು ಸಲೀಸಾಗಿದೆ, ಕಾಲು ನೋಯುತ್ತಿಲ್ಲ ಎಂದು ಓಡಿದವರಿಗೆ ಒಳಗಿನ ರಜ್ಜು ಇನ್ನೂ ಸಿದ್ಧವಾಗಿಲ್ಲವೆಂಬುದು ಗೊತ್ತಾಗುವುದು ಪೆಟ್ಟು ಬಿದ್ದ ಮೇಲೆಯೇ.

ಜನವರಿಯ ಓಟದ ತಯಾರಿಗೆ 16ರಿಂದ 20 ವಾರಗಳು ಬೇಕು. ಅಂದರೆ ಸೆಪ್ಟೆಂಬರಿನಲ್ಲಿ ಆರಂಭಿಸಬೇಕು, ಅದಕ್ಕೂ ಮೊದಲು ಜುಲೈ ಮತ್ತು ಆಗಸ್ಟ್ ತಿಂಗಳುಗಳ ಮಳೆಯಲ್ಲಿ ನಿಧಾನದ ಓಟದಿಂದ ಬುನಾದಿ ಹಾಕಿರಬೇಕು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರು ಈ ಬುನಾದಿಯ ಮಹತ್ವವನ್ನು ಲೋಕಕ್ಕೆ ತೋರಿಸಿಕೊಟ್ಟವರು. ಅವರ ಶಿಷ್ಯ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟದ ಚಿನ್ನ ಗೆದ್ದರು. ಅಷ್ಟು ಚಿಕ್ಕ ದೂರದ ಓಟಗಾರನನ್ನೂ ಲಿಡಿಯಾರ್ಡ್ ಆಕ್ಲೆಂಡಿನ ಗುಡ್ಡಗಳಲ್ಲಿ 22 ಮೈಲಿ ಓಡಿಸುತ್ತಿದ್ದರು. ನಾನು ನಮ್ಮವರಿಗೆ ಹೇಳುವುದಿಷ್ಟೇ: ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನವಾಗಿರಲಿ.

ಮುಂಬಯಿಯ ಮಳೆಯಲ್ಲಿ ಓಡುವುದು ಸುಲಭವಲ್ಲ. ನೀರು ನಿಂತ ರಸ್ತೆಯಲ್ಲಿ ಗುಂಡಿ ಕಾಣುವುದಿಲ್ಲ, ಒದ್ದೆ ಬಟ್ಟೆ ತೊಡೆಯ ಸಂದಿಯಲ್ಲಿ ಉಜ್ಜಿ ಚರ್ಮ ಸುಲಿಯುತ್ತದೆ, ಬೂಟುಗಳು ಒಣಗುವುದಿಲ್ಲ. ವ್ಯಾಸಲೀನ್ ಹಚ್ಚಿಕೊಳ್ಳುವುದು, ಬೂಟಿನೊಳಗೆ ಹಳೆಯ ವೃತ್ತಪತ್ರಿಕೆ ತುರುಕಿಡುವುದು, ಸಾಧ್ಯವಿದ್ದರೆ ಎರಡು ಜೊತೆ ಬೂಟುಗಳನ್ನು ಸರದಿಯಲ್ಲಿ ತೊಡುವುದು, ಇವು ಇಲ್ಲಿನ ಎಲ್ಲ ಓಟಗಾರರಿಗೂ ಗೊತ್ತಿರುವ ಉಪಾಯಗಳು. ಆದರೆ ಮಳೆಗಿಂತ ಹೆಚ್ಚು ಕಾಡುವುದು ಅಕ್ಟೋಬರಿನ ಸೆಕೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಹಾಗಾಗಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ದೇಹ ಸೆಕೆಗೆ ಹೊಂದಿಕೊಳ್ಳಲು 10ರಿಂದ 14 ದಿನ ತೆಗೆದುಕೊಳ್ಳುತ್ತದೆ. ಆ ದಿನಗಳಲ್ಲಿ ಗಡಿಯಾರವನ್ನು ನೋಡದೆ ಉಸಿರನ್ನು ನೋಡಿಕೊಂಡು ಓಡುವುದು ಒಳ್ಳೆಯದು. ನವೆಂಬರಿನಿಂದ ಗಾಳಿ ಮಂದವಾಗಿ ಹೊಗೆ ಕೆಳಗೇ ನಿಲ್ಲುತ್ತದೆ. ಅಂಥ ದಿನಗಳಲ್ಲಿ ಹೆದ್ದಾರಿಯ ಬದಿಯನ್ನು ಬಿಟ್ಟು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಂಥ ಮರಗಳಿರುವ ಕಡೆ ಓಡಬೇಕು. ಗಾಳಿ ತೀರ ಕೆಟ್ಟಿದ್ದರೆ ಆ ದಿನದ ಓಟವನ್ನೇ ಬಿಡಬೇಕು.

ವಾರದ ಹಂಚಿಕೆಯ ಬಗ್ಗೆ ಒಂದು ಮಾತು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾಗಿದ್ದ ಬಿಲ್ ಬೋವರ್‌ಮನ್ ಅವರು ಒಂದು ದಿನ ಕಠಿಣ ಓಟ, ಅದರ ಮರುದಿನ ಹಗುರ ಓಟ ಎಂಬ ಪದ್ಧತಿಯನ್ನು ಬಳಕೆಗೆ ತಂದರು. ನಮ್ಮವರಿಗೆ ಅದು ಭಾನುವಾರದ ಲಾಂಗ್ ರನ್ ಎಂಬ ಉದ್ದದ ಓಟ, ವಾರದ ನಡುವೆ ಒಂದು ವೇಗದ ಓಟ, ಎರಡು ಹಗುರ ಓಟ, ಕಾಲು ಮತ್ತು ಸೊಂಟದ ಬಲಕ್ಕಾಗಿ ಒಂದು ದಿನದ ವ್ಯಾಯಾಮ, ಉಳಿದಂತೆ ಪೂರ್ಣ ಬಿಡುವು ಎಂದಾಗುತ್ತದೆ. ಕಲ್ಯಾಣದಿಂದ ಲೋಕಲ್ ಟ್ರೈನಿನಲ್ಲಿ ನಿಂತೇ ಬಂದು ನಿಂತೇ ಹಿಂದಿರುಗುವವರ ಕಾಲುಗಳು ಆ ಹೊತ್ತಿನಲ್ಲೂ ದುಡಿಯುತ್ತಿರುತ್ತವೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ವಿದೇಶದಲ್ಲಿ ಬರೆದ ತರಬೇತಿಯ ಪಟ್ಟಿಯನ್ನು ಹಾಗೆಯೇ ಅನುಸರಿಸುವವರು ಇದನ್ನು ಮರೆಯುತ್ತಾರೆ. ಲಾಂಗ್ ರನ್ ಮೂರು ವಾರ ಏರುತ್ತಾ ಹೋಗಿ ನಾಲ್ಕನೆಯ ವಾರ ಇಳಿಯಲಿ, 30 ಅಥವಾ 32 ಕಿಲೋಮೀಟರಿಗೆ ನಿಲ್ಲಲಿ. ಅತಿ ಉದ್ದದ ಓಟವನ್ನು ಸ್ಪರ್ಧೆಗೆ ಮೂರು ವಾರ ಮೊದಲೇ ಮುಗಿಸಿ, ಆಮೇಲೆ ದೂರವನ್ನು ಕ್ರಮೇಣ ಅರ್ಧಕ್ಕೆ ಇಳಿಸಬೇಕು. ಓಟಗಾರರು ಟೇಪರ್ ಎನ್ನುವ ಈ ಅವಧಿಯಲ್ಲಿ ಕಾಲುಗಳು ತವಕಿಸುತ್ತವೆ, ಇಲ್ಲದ ನೋವುಗಳು ಕಾಣಿಸಿಕೊಳ್ಳುತ್ತವೆ, ತಯಾರಿ ಸಾಲದೆಂಬ ಭಯ ಹುಟ್ಟುತ್ತದೆ. ಆ ಭಯಕ್ಕೆ ಸೋತು ಕೊನೆಯ ವಾರ ಮತ್ತೊಮ್ಮೆ ಉದ್ದ ಓಡಬಾರದು. ಮುಂಬಯಿ ಓಟಕ್ಕೆ ಕೆಲವೇ ದಿನ ಮೊದಲು ಸಂಕ್ರಾಂತಿ ಬರುವುದರಿಂದ ಎಳ್ಳುಬೆಲ್ಲ, ಪೊಂಗಲ್ಲು ಮನೆಯಲ್ಲಿರುತ್ತವೆ; ಕೊನೆಯ ಎರಡು ದಿನ ಅನ್ನ, ಇಡ್ಲಿ, ಬೆಲ್ಲಗಳನ್ನು ಹೆಚ್ಚಿಸಿ ಎಣ್ಣೆಯನ್ನೂ ನಾರನ್ನೂ ಕಡಿಮೆ ಮಾಡಿದರೆ ಗ್ಲೈಕೋಜೆನ್ ತುಂಬಿಕೊಳ್ಳುತ್ತದೆ.

ಸ್ಪರ್ಧೆಯ ದಿನದ ಬಗ್ಗೆ ಎರಡು ಎಚ್ಚರಿಕೆಗಳು ಸಾಕು. ಮರಳುವ ದಾರಿಯಲ್ಲಿ, ಹಾಜಿ ಅಲಿ ದಾಟಿದ ಮೇಲೆ ಬರುವ ಪೆಡ್ಡರ್ ರೋಡಿನ ಏರು, ದೇಹದ ಸಕ್ಕರೆ ಬರಿದಾಗುವ ಹೊತ್ತಿಗೆ ಸರಿಯಾಗಿ ಎದುರಾಗುತ್ತದೆ. ಗಂಟೆಗೆ 30ರಿಂದ 60 ಗ್ರಾಮಿನಷ್ಟು ಶರ್ಕರಪಿಷ್ಟವನ್ನು ಓಟಗಾರರ ಸಿಹಿ ಜೆಲ್, ಖರ್ಜೂರ ಅಥವಾ ಬಾಳೆಹಣ್ಣಿನ ರೂಪದಲ್ಲಿ ಆರಂಭದಿಂದಲೇ ಸೇವಿಸುತ್ತಾ ಬಂದವರಿಗೆ ಆ ಏರು ಅಷ್ಟು ಕ್ರೂರವಾಗಿ ಕಾಣದು. ಇದನ್ನು ಲಾಂಗ್ ರನ್‌ಗಳಲ್ಲೇ ಅಭ್ಯಾಸ ಮಾಡಿ ಹೊಟ್ಟೆಗೆ ಒಗ್ಗಿಸಿರಬೇಕು. ಇನ್ನೊಂದು ಎಚ್ಚರಿಕೆ ನೀರಿನದು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಅಂಶ ಸಹಜ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಓಟದ ಅವಧಿಯಲ್ಲಿ ತೂಕ ಹೆಚ್ಚುವಷ್ಟು ನೀರು ಕುಡಿದವರಲ್ಲಿ ಈ ತೊಂದರೆ ಹೆಚ್ಚು ಕಂಡಿತು. ಬಾಯಾರಿದಾಗ ಕುಡಿಯಿರಿ, ದಾರಿಯಲ್ಲಿ ಸಿಕ್ಕ ಸಿಕ್ಕ ನೀರಿನ ಮೇಜಿನಲ್ಲೆಲ್ಲ ಕುಡಿಯಬೇಡಿ.

ಇನ್ನು ಚೇತರಿಕೆಯ ವಿಷಯ. ಗುರಿ ದಾಟಿದ ಕೂಡಲೇ ಕುಳಿತುಬಿಡದೆ ಹತ್ತು ಹದಿನೈದು ನಿಮಿಷ ನಡೆಯಿರಿ, ಒದ್ದೆ ಅಂಗಿಯನ್ನು ಬದಲಿಸಿ, ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಸಿಕ್ಕಿದರೆ ಇಡ್ಲಿ ಸಾಂಬಾರು ಹೊಟ್ಟೆಗೆ ಹೋಗಲಿ. ಮನೆಗೆ ಬಂದ ಮೇಲೆ ಅನ್ನ, ಬೇಳೆ, ಮೊಸರು, ಮೊಟ್ಟೆ ಅಥವಾ ಮೀನು ಇರುವ ಊಟ ಮಾಡಿ. ದೀರ್ಘ ಓಟಗಾರರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕು. ಸಸ್ಯಾಹಾರಿಗಳಾದ ನಮ್ಮವರು ಬೇಳೆ, ಹುರುಳಿ, ಮೊಸರು, ಪನೀರುಗಳ ಕಡೆ ವಿಶೇಷ ಗಮನ ಕೊಡಬೇಕಾಗುತ್ತದೆ. ಅಂದು ರಾತ್ರಿ ಸರಿಯಾಗಿ ನಿದ್ದೆ ಬಾರದಿದ್ದರೆ ಗಾಬರಿ ಬೇಡ, ಅನೇಕರಿಗೆ ಹಾಗಾಗುತ್ತದೆ. ಆದರೆ ನೋವು ತಡೆಯಲಾರದೆ ಐಬುಪ್ರೊಫೆನ್‌ನಂಥ ಗುಳಿಗೆಗಳನ್ನು ಓಟದ ಮೊದಲೋ ನಡುವೆಯೋ ಮುಗಿದ ಕೂಡಲೇಯೋ ನುಂಗಬೇಡಿ. ನೀರು ಕಳೆದುಕೊಂಡು ಬಳಲಿರುವ ಮೂತ್ರಪಿಂಡಗಳಿಗೆ ಅವು ಹಾನಿ ಮಾಡಬಲ್ಲವು. ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಮತ್ತು ಮೂರನೆಯ ದಿನ ನೋವು ಹೆಚ್ಚುತ್ತದೆ. ಸೋಮವಾರ, ಮಂಗಳವಾರಗಳಂದು ದಾದರ್ ಸ್ಟೇಷನ್ನಿನ ಸೇತುವೆಯನ್ನು ಹತ್ತುವುದಕ್ಕಿಂತ ಇಳಿಯುವುದು ಕಷ್ಟವೆನಿಸುವುದಕ್ಕೆ ಕಾರಣವಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರವನ್ನು ತಡೆಯುತ್ತಲೇ ಉದ್ದವಾಗಬೇಕು. ಸ್ನಾಯುವಿನ ಸೀಳುಗಳು ಹೆಚ್ಚಾಗಿರುವುದು ಇದೇ ಬಗೆಯ ಕೆಲಸದಿಂದ. ಆ ದಿನಗಳಲ್ಲಿ ಬಿಗಿಯಾಗಿ ತಿಕ್ಕಿಸಿಕೊಳ್ಳುವುದು, ಎಳೆದು ಹಿಗ್ಗಿಸುವುದು ಬೇಡ. ಸಮತಟ್ಟಾದ ನೆಲದಲ್ಲಿ ಅರ್ಧ ಗಂಟೆಯ ನಡಿಗೆ, ಬೇಗ ಮಲಗುವುದು, ಇಷ್ಟು ಸಾಕು. ಮೊದಲ ವಾರ ಓಟವೇ ಬೇಡ. ಎರಡನೆಯ ವಾರ ಒಂದು ದಿನ ಬಿಟ್ಟು ಒಂದು ದಿನ 20ರಿಂದ 30 ನಿಮಿಷದ ಹಗುರ ಓಟ, ಮೂರನೆಯ ವಾರ ಎಂದಿನ ದೂರದ ಅರ್ಧ, ನಾಲ್ಕನೆಯ ವಾರದ ಕೊನೆಗೆ ಬೇಕಾದರೆ ಸ್ವಲ್ಪ ವೇಗ. ಹಾಫ್ ಓಡಿದವರಿಗೆ ವಾರ ಹತ್ತು ದಿನದ ಹಗುರತನ ಸಾಕಾಗಬಹುದು.

ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್ ಎಂಬ ಓಟಗಾರ ಓಡಲು ಆರಂಭಿಸಿದ್ದೇ ಮೂವತ್ತು ದಾಟಿದ ಮೇಲೆ. 1974ರ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, 41ರ ವಯಸ್ಸಿನಲ್ಲಿ, 2 ಗಂಟೆ 11 ನಿಮಿಷ ಚಿಲ್ಲರೆಯಲ್ಲಿ ಮ್ಯಾರಥಾನ್ ಮುಗಿಸಿ ಬೆಳ್ಳಿ ಪದಕ ಪಡೆದರು. ಸ್ಪರ್ಧೆಯಲ್ಲಿ ಓಡಿದ ಪ್ರತಿ ಮೈಲಿಗೂ ಒಂದೊಂದು ದಿನ ಹಗುರವಾಗಿ ಕಳೆದ ಮೇಲೆಯೇ ಮತ್ತೆ ಸ್ಪರ್ಧಿಸಬೇಕೆಂಬುದು ಅವರ ನಿಯಮ; ಮ್ಯಾರಥಾನಿಗೆ 26 ದಿನ. ಅಂಥ ಓಟಗಾರನಿಗೇ ಅಷ್ಟು ಬಿಡುವು ಬೇಕಾಗಿತ್ತೆಂದರೆ, ವಾರವಿಡೀ ದುಡಿದು ಭಾನುವಾರ ಓಡುವ ನಮಗೆ ಅದಕ್ಕಿಂತ ಕಡಿಮೆ ಸಾಕೆಂದು ನಂಬಲು ಕಾರಣವೇ ಇಲ್ಲ.

ಬಿಡುವು ಸಾಲದಿದ್ದರೆ ದೇಹ ಮೊದಲೇ ತಿಳಿಸುತ್ತದೆ. ಬೆಳಗ್ಗೆ ಹಾಸಿಗೆಯಲ್ಲಿದ್ದಾಗಲೇ ಎಣಿಸಿದ ನಾಡಿಬಡಿತ ಎಂದಿಗಿಂತ ಏಳೆಂಟು ಹೆಚ್ಚಾಗಿ ಹಲವು ದಿನ ಹಾಗೆಯೇ ಇರುವುದು, ನಿದ್ದೆ ಕೆಡುವುದು, ನೆಗಡಿ ಮರಳಿ ಮರಳಿ ಬರುವುದು, ಸಣ್ಣ ಮಾತಿಗೆ ಸಿಡುಕುವುದು, ಇವೆಲ್ಲ ಆ ಸೂಚನೆಗಳು. ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಂತೆ ನೋಯುತ್ತಿದ್ದರೆ ಅದು ಒತ್ತಡದ ಬಿರುಕಾಗಿರಬಹುದು, ವಾಸಿಯಾಗಲು ಆರೆಂಟು ವಾರ ಹಿಡಿಯುತ್ತದೆ. ಅಕ್ಕತಂಗಿಯರಿಗೆ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ತರಬೇತಿ ಹೆಚ್ಚಿದಂತೆ ಮುಟ್ಟು ನಿಂತುಹೋದರೆ ಅದನ್ನು ಅನುಕೂಲವೆಂದು ಎಣಿಸಬೇಡಿ. ಓಟಕ್ಕೆ ತಕ್ಕಷ್ಟು ಊಟ ಆಗುತ್ತಿಲ್ಲ, ಮೂಳೆಗಳು ಸೊರಗುತ್ತಿವೆ ಎಂಬುದರ ಲಕ್ಷಣ ಅದಾಗಿರಬಹುದು. ವೈದ್ಯರನ್ನು ಕಾಣಿ, ಜೊತೆಗೆ ರಕ್ತದ ಕಬ್ಬಿಣಾಂಶವನ್ನೂ ಪರೀಕ್ಷಿಸಿಕೊಳ್ಳಿ. ಸೋಮವಾರ, ಏಕಾದಶಿಗಳ ಉಪವಾಸವಿರುವವರು ಲಾಂಗ್ ರನ್ನಿನ ಮುನ್ನಾದಿನವೂ ಮರುದಿನವೂ ಬರಿಹೊಟ್ಟೆಯಲ್ಲಿ ಇರದಂತೆ ಹೊಂದಿಸಿಕೊಳ್ಳಬೇಕು.

ಹಾಗಾದರೆ ವರ್ಷಕ್ಕೆ ಎಷ್ಟು ಓಟ? ಪೂರ್ತಿ ಶಕ್ತಿಯಿಂದ ಓಡುವ ಮ್ಯಾರಥಾನ್ ಒಂದು, ಹೆಚ್ಚೆಂದರೆ ಎರಡು, ನಡುವೆ ನಾಲ್ಕು ತಿಂಗಳ ಅಂತರ. ಮುಂಬಯಿಯೇ ಗುರಿಯಾಗಿದ್ದರೆ ಡಿಸೆಂಬರಿನ ಯಾವುದಾದರೂ ಒಂದು ಹಾಫ್ ಅನ್ನು ತಯಾರಿಯ ಭಾಗವಾಗಿ, ಪದಕವನ್ನೂ ಸಮಯವನ್ನೂ ಮರೆತು ಓಡಬಹುದು. ಉಳಿದವುಗಳಿಗೆ ಹೋಗಿ ರಸ್ತೆಯ ಬದಿಯಲ್ಲಿ ನಿಂತು ಗೆಳೆಯರಿಗೆ ನೀರು ಕೊಡಬಹುದು. ಜನವರಿಯಲ್ಲಿ ಪೂರ್ತಿ ಓಡಿ ಫೆಬ್ರವರಿಯಲ್ಲಿ ಲೋಣಾವಳಕ್ಕೂ ಹೆಸರು ಕೊಟ್ಟಿರುವವರು ಈಗಾಗಲೇ ಹಣ ಕಟ್ಟಿದ್ದೇವಲ್ಲ ಎನ್ನುತ್ತಾರೆ. ನಾಲ್ಕನೆಯ ವಾರ ಮೆಟ್ಟಿಲು ಇಳಿಯುವಾಗ ನೋವಿಲ್ಲದಿದ್ದರೆ, ನಾಡಿ ಎಂದಿನ ಮಟ್ಟಕ್ಕೆ ಮರಳಿದ್ದರೆ, ಒಂದು ಗಂಟೆಯ ಹಗುರ ಓಟದ ಮರುದಿನವೂ ಕಾಲು ಹಗುರವಾಗಿದ್ದರೆ, 50ನ್ನು ಬಿಟ್ಟು ಅದಕ್ಕಿಂತ ಚಿಕ್ಕ ದೂರಕ್ಕೆ ಬದಲಿಸಿಕೊಳ್ಳಲು ಅವಕಾಶವಿದೆಯೇ ಎಂದು ವಿಚಾರಿಸಿ, ನಿಧಾನವಾಗಿ ಓಡಿ ಬನ್ನಿ. ಈ ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಕಟ್ಟಿದ ಹಣವನ್ನು ಬಿಟ್ಟು ಮನೆಯಲ್ಲಿ ನಿದ್ದೆ ಮಾಡಿ.

ನಮಸ್ಕಾರ.